ಇಲ್ಲದ ಬುದ್ಧನನ್ನು ಕದ್ದವಳು

ನೀವು ಯಾವತ್ತಾದರೂ ಇಲ್ಲದೇ ಇರುವ ವಸ್ತುವನ್ನು ಕದ್ದಿದ್ದೀರಾ? ಯೋಚಿಸಿ ಹೇಳಿ, ಅವಸರವಿಲ್ಲ. ನನಗೂ ಈ ಫೋನಿನಲ್ಲಿ ಒಂದು ಸಾಲು ಕುಟ್ಟುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಫೋನನ್ನೂ ನಾನು ಪೂರ್ತಿ ನಂಬಿಲ್ಲ ಬಿಡಿ. ನಾನು ಅರ್ಧ ಪದ ಒತ್ತಿದರೆ ಉಳಿದರ್ಧ ತಾನೇ ತೋರಿಸುತ್ತದೆ. ಯಾರೋ ಒಳಗೆ ಕೂತು ನನ್ನ ತಲೆಯೊಳಗೆ ಇಣುಕುತ್ತಿದ್ದಾರೆ. ಇರಲಿ. ನಾನಂತೂ ಕದ್ದಿದ್ದೇನೆ. ಅಂದರೆ, ಕದ್ದಿದ್ದೇನೆ ಎಂದು ಗವಿಪುರದ ಒಂದು ಇಡೀ ಅಡ್ಡರಸ್ತೆ ನಂಬಿತ್ತು.

ಹೋದ ವಾರ ಮೊಮ್ಮಗಳು ಆನ್‌ಲೈನಿನಲ್ಲಿ ಒಂದು ಬುದ್ಧನನ್ನು ತರಿಸಿದಳು. ಟೀವಿ ಪಕ್ಕದಲ್ಲಿ ಇಡುವುದಕ್ಕಂತೆ. ಈಗ ಎಲ್ಲ ಕಡೆಯೂ ಒಬ್ಬ ಬುದ್ಧ ಇರುತ್ತಾನಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅಲ್ಲೂ ಕಣ್ಣು ಮುಚ್ಚಿಕೊಂಡು ಕೂತಿರುತ್ತಾನೆ, ನಮ್ಮ ಕೂಗಾಟ ಕೇಳಿಸಿಕೊಳ್ಳುತ್ತಾ. ಅವಳು ರಟ್ಟಿನ ಡಬ್ಬ ಬಿಚ್ಚಿದಳು, ಒಳಗಿಂದ ಹೊಸ ವಾರ್ನಿಷ್ ವಾಸನೆ ಘಮ್ಮೆಂದು ಬಂತು. ಅವಳು ಮೂಗು ಮುಚ್ಚಿಕೊಂಡಳು. ನಾನು ಹತ್ತಿರ ಹೋಗಿ ಇನ್ನೊಂದು ಸಲ ಮೂಸಿದೆ. "ಅಜ್ಜೀ, ಅದೇನು ಮಲ್ಲಿಗೆ ದಂಡೆನಾ?" ಎಂದಳು. ಆ ವಾಸನೆಯ ಹಿಂದೆಯೇ ನಮ್ಮ ಎದುರುಮನೆಯ ಟೀಚರ್ ಬಂದು ನಿಂತಿದ್ದರು, ಕನ್ನಡಕ ಮೇಲೆ ಸರಿಸಿಕೊಳ್ಳುತ್ತಾ... ಅದನ್ನು ಇವಳಿಗೆ ಹೇಗೆ ಹೇಳಲಿ?

ನಾನು ಮದುವೆಯಾಗಿ ಮಾವಳ್ಳಿಯಿಂದ ಗವಿಪುರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನಸ್ಸು ಮಾಡಿದರೆ ನಡೆದೇ ಹೋಗಬಹುದಾದ ದೂರ. ಆದರೂ ಸೊಸೆಯಾಗಿ ಬಂದವಳಿಗೆ ಅದು ಬೇರೆಯೇ ರಾಜ್ಯ, ಅಲ್ಲಿಯ ಕಾನೂನೇ ಬೇರೆ. ಎದುರಿನ ಹೆಂಚಿನ ಮನೆಯಲ್ಲಿ ಟೀಚರ್ ಇದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ರಾಜನ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ ಎಂದು ಬೀದಿಯಲ್ಲಿ ಹೆಸರಾಗಿತ್ತು.

ರಜೆ ಬಂತೆಂದರೆ ಒಂದು ಬಟ್ಟೆ ಚೀಲ, ಒಂದು ಕೊಡೆ ಹಿಡಿದು ರೈಲು ಹತ್ತುತ್ತಿದ್ದರು. ಅಮರಾವತಿಯಂತೆ, ಸಾಂಚಿಯಂತೆ, ನಾಗಾರ್ಜುನಕೊಂಡವಂತೆ. ವಾಪಸು ಬರುವಾಗ ಮುಖ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಹಾಗಿರುತ್ತಿತ್ತು.

"ಕಲ್ಲು ನೋಡೋಕೆ ಯಾರಾದ್ರೂ ಅಷ್ಟು ದೂರ ಹೋಗ್ತಾರೇನೇ? ನಮ್ಮ ಗವಿ ಗಂಗಾಧರನ ಹತ್ರ ಇಲ್ಲದ ಕಲ್ಲಾ?" ಎಂದು ನಮ್ಮತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳುತ್ತಿದ್ದರು. ಅತ್ತೆಯ ಅನುಮಾನ, ಅಲ್ಲೆಲ್ಲೋ ಯಾರೋ ಒಬ್ಬರಿದ್ದಾರೆ ಎಂದು. ನನ್ನ ಅನುಮಾನ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಆ ಚೀಲ ಹೋಗುವಾಗ ಹಗುರ, ಬರುವಾಗ ಭಾರ. ಟೀಚರ್ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಕಿಟಕಿಯ ಪರದೆ ಸರಿಸಿ ನಾನು ದಿನಾ ಒಂದಷ್ಟು ಹೊತ್ತು ಆ ಮನೆಯನ್ನು ಕಾಯುತ್ತಿದ್ದೆ. ಸೊಸೆಗೆ ಬೇರೆ ಸಿನಿಮಾ ಎಲ್ಲಿತ್ತು ಆಗ?

ಟೀಚರ್ ಇಡುತ್ತಿದ್ದ ದಸರಾ ಬೊಂಬೆ ಮಾತ್ರ ಬೀದಿಗೇ ಹಬ್ಬ. ಎಲ್ಲರ ಮನೆಯಲ್ಲೂ ಮೆಟ್ಟಿಲು ಜೋಡಿಸಿ ಬೊಂಬೆ ಕೂರಿಸುತ್ತಿದ್ದರು. ಮೇಲೆ ಕಲಶ, ಪಕ್ಕದಲ್ಲಿ ಪಟ್ಟದ ಬೊಂಬೆ, ಅಂದರೆ ಮದುವೆಯಲ್ಲಿ ತಾಯಿಮನೆಯವರು ಕೊಡುವ ಮರದ ರಾಜ ರಾಣಿ. ಸಂಜೆಯಾದರೆ ಹೆಂಗಸರು ಮನೆಯಿಂದ ಮನೆಗೆ ಹೋಗಿ, ನೋಡಿ, ಒಂದು ಹಾಡು ಹೇಳಿ, ಅರಿಶಿನ ಕುಂಕುಮ ತೆಗೆದುಕೊಂಡು, ಕೊಬ್ಬರಿ ಮಿಠಾಯಿ ತಿಂದು, ಹೊರಗೆ ಬಂದ ಮೇಲೆ ಆಡಿಕೊಳ್ಳುತ್ತಿದ್ದರು. ಟೀಚರ್ ಮನೆಯಲ್ಲಿ ಮಾತ್ರ ಪ್ರತಿ ವರ್ಷ ಚರಿತ್ರೆಯ ಒಂದು ನೋಟ. ಅದರಲ್ಲಿ ಏನಾದರೊಂದು ವಿಚಿತ್ರ ಇಟ್ಟಿರುತ್ತಿದ್ದರು. ತಾವಾಗಿ ಹೇಳುತ್ತಿರಲಿಲ್ಲ, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರು. ಕ್ಲಾಸಿನಲ್ಲೂ ಹಾಗೆಯೇ ಅಂತೆ.

ಆ ವರ್ಷ ಸ್ತೂಪ ಕಟ್ಟಿದ್ದರು. ಬಿದಿರಿನ ಕುಕ್ಕೆಯನ್ನು ಬೋರಲು ಹಾಕಿ, ಕಾಗದ ನೆನೆಸಿ ರುಬ್ಬಿ ಮೆತ್ತಿ, ಸುಣ್ಣ ಬಳಿದಿದ್ದರು. ಸುತ್ತ ಪೊರಕೆ ಕಡ್ಡಿಯ ಬೇಲಿ. ರಾಗಿ ಮೊಳಕೆ ಬರಿಸಿ ತೋಟ ಮಾಡಿ, ಅದರ ನಡುವೆ ಒಂದು ಅರಳಿ ಕೊಂಬೆ ನೆಟ್ಟಿದ್ದರು. ಕೊಂಬೆಯ ಕೆಳಗೆ ಒಂದು ಪುಟ್ಟ ಪೀಠ, ಮೇಲೆ ಬಿಳಿ ಕಾಗದದ ಕೊಡೆ, ಪೀಠದ ಮುಂದೆ ಎರಡು ಪಾದ, ಪಾದದೊಳಗೆ ಚಕ್ರ. ಹಿಂದಿನ ವರ್ಷದ ಸಿಪಾಯಿಗಳು, ಚನ್ನಪಟ್ಟಣದ ಆನೆ, ಜಿಂಕೆ, ಎಲ್ಲ ಅದರ ಕಡೆಗೇ ಮುಖ ಮಾಡಿದ್ದವು. ಇನ್ನೊಂದು ಧೈರ್ಯದ ಕೆಲಸ ಮಾಡಿದ್ದರು. ತಾಯಿಯ ಪಟ್ಟದ ಬೊಂಬೆಗಳನ್ನು ಮೇಲಿನ ಮೆಟ್ಟಿಲಿನಿಂದ ಇಳಿಸಿ, ಆ ಪೀಠದ ಪಕ್ಕ ನಿಲ್ಲಿಸಿದ್ದರು.

ಮೊದಲನೆಯ ದಿನವೇ ಅತ್ತೆ ಅದನ್ನು ಕೇಳಿದರು. "ರಾಜ ರಾಣೀನ ಯಾಕೆ ಕೆಳಗಿಳಿಸಿದ್ರಿ ಟೀಚರ್?"

"ಇವರೇ ಕಣ್ರೀ ಇದನ್ನೆಲ್ಲ ಕಟ್ಸಿದ್ದು. ಶಾತವಾಹನರು ಅಂತ ಇದ್ರು, ಅವರಾದ ಮೇಲೆ ಇಕ್ಷ್ವಾಕುಗಳು. ತಮಾಷೆ ಏನು ಗೊತ್ತಾ? ಇಕ್ಷ್ವಾಕು ರಾಜ ಕುದುರೆ ಬಿಟ್ಟು ಯಜ್ಞ ಮಾಡ್ತಿದ್ದ. ಅವನ ಸೋದರತ್ತೆ ಬುದ್ಧನಿಗೆ ಸ್ತೂಪ ಕಟ್ಟಿಸ್ತಿದ್ಲು. ಒಂದೇ ಮನೆ!"

ಅತ್ತೆ ರಾಣಿ ಬೊಂಬೆಯ ಕಡೆ ಬಗ್ಗಿ ನೋಡಿದರು. "ಮನೇಲಿ ಗಂಡಸರು ಏನೂ ಅನ್ನಲಿಲ್ವಾ?"

"ಅಂದಿದ್ರೂ ಕಲ್ಲಲ್ಲಿ ಕೆತ್ತಿಸಿಲ್ಲ."

ಆ ಸೋದರತ್ತೆ ನಮ್ಮತ್ತೆಗೆ ತುಂಬಾ ಹಿಡಿಸಿದಳು. ಪೀಠದ ವಿಷಯ ಮಾತ್ರ ಅವರು ಕೇಳಲಿಲ್ಲ, ಟೀಚರ್ ಹೇಳಲಿಲ್ಲ.

ಈಗ ನಮ್ಮ ಬೀದಿಯ ಮೂಲೆಮನೆಯವರ ವಿಷಯ ಹೇಳಬೇಕು. ಅವರ ಎರಡನೆಯ ಮಗ ಬ್ಯಾಂಕಿನಲ್ಲಿದ್ದ. ನನ್ನ ತಂಗಿಗೆ ಆ ಹುಡುಗನನ್ನು ಕೇಳಿದ್ದೆವು. ಜಾತಕ ಕೂಡಿತ್ತು. ವಿಜಯದಶಮಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದಿದ್ದರು. ತಂಗಿ ಅವನನ್ನು ಒಮ್ಮೆ ಲಾಲ್‌ಬಾಗಿನ ಫ್ಲವರ್ ಶೋದಲ್ಲಿ ದೂರದಿಂದ ನೋಡಿ, ಮನೆಗೆ ಬಂದು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವಳ ಇಡೀ ಬಾಳು ಆ ಮೂಲೆಮನೆಯ ಹೆಂಗಸಿನ ಬಾಯಿಂದ ಬರುವ ಒಂದು 'ಹೂಂ' ಮೇಲೆ ನಿಂತಿತ್ತು. ಆದ್ದರಿಂದ ಆ ದಸರಾದಲ್ಲಿ ನಾನು ತುಂಬಾ ಮೆತ್ತಗಿರಬೇಕು ಎಂದು ನನ್ನ ತಾಯಿ ಹೇಳಿ ಕಳಿಸಿದ್ದರು.

ಮೆತ್ತಗಿರುವುದು ನನ್ನ ಜಾತಕದಲ್ಲಿರಲಿಲ್ಲ. ಶ್ರಾವಣದಲ್ಲಿ ಅದೇ ಮೂಲೆಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ, ಬಾಗಿಲ ಹೊರಗಿನ ಎಡಗಾಲಿನ ಚಪ್ಪಲಿಗಳನ್ನೆಲ್ಲ ಒಂದು ಕಡೆ, ಬಲಗಾಲಿನವನ್ನೆಲ್ಲ ಇನ್ನೊಂದು ಕಡೆ ಸಾಲಾಗಿ ಜೋಡಿಸಿಟ್ಟಿದ್ದೆ. ಬೀದಿಯ ಅಷ್ಟೂ ಹೆಂಗಸರು ರೇಷ್ಮೆ ಸೀರೆಯಲ್ಲಿ ಕುಂಟಾಬಿಲ್ಲೆ ಆಡಿದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ. ಅವರಿಗೆ ಬಂದಿರಲಿಲ್ಲ.

ಬೊಂಬೆ ಕೂರಿಸಿದ ಮೂರನೆಯ ಸಂಜೆ ನಾನು ಟೀಚರ್ ಮನೆಗೆ ಬೇಗ ಹೋಗಿದ್ದೆ. "ಸ್ವಲ್ಪ ದೀಪ ನೋಡ್ಕೋತಿರಮ್ಮ, ಬೆಕ್ಕು ಬರತ್ತೆ" ಎಂದು ಅವರು ಅಡುಗೆಮನೆಗೆ ಹೋದರು. ನಾನು ಒಬ್ಬಳೇ. ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ಒಂದನ್ನು ತಿಂದೆ, ಒಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ, ಬಗ್ಗಿ ಒಬ್ಬ ಸಿಪಾಯಿಯ ಈಟಿ ನೇರ ಮಾಡುತ್ತಿದ್ದೆ. ಆಗ ಮೂಲೆಮನೆಯವರು, ಆ ಹುಡುಗನ ತಾಯಿ, ಒಳಗೆ ಬಂದರು. ನಾನು ಬೆಚ್ಚಿ ಎದ್ದು ನಿಂತೆ.

ಅವರು ಬೊಂಬೆ ನೋಡಿದರು. ರಾಜ ರಾಣಿ ಒಂದು ಕಡೆ, ಆನೆ ಜಿಂಕೆ ಇನ್ನೊಂದು ಕಡೆ, ಮೇಲೆ ಕೊಡೆ, ಮುಂದೆ ಹೂವು. ನಡುವಿನ ಪೀಠ ಖಾಲಿ. ಅವರ ಕಣ್ಣು ಪೀಠದ ಮೇಲಿಂದ ನಿಧಾನವಾಗಿ ನನ್ನ ಸೆರಗಿನ ಗಂಟಿಗೆ ಬಂತು. ಅಲ್ಲಿಂದ ನನ್ನ ಮುಖಕ್ಕೆ. ಮತ್ತೆ ಪೀಠಕ್ಕೆ... ಹಾಡನ್ನೂ ಹೇಳದೆ ಕುಂಕುಮ ತೆಗೆದುಕೊಂಡು ಹೋದರು.

ಮರುದಿನ ಬೆಳಗ್ಗೆ ತರಕಾರಿ ಗಾಡಿಯ ಹತ್ತಿರ ನಾನು ಹೋದರೆ ಹೆಂಗಸರೆಲ್ಲ ಒಮ್ಮೆಗೇ ಸೌತೆಕಾಯಿ ಪರೀಕ್ಷೆ ಮಾಡತೊಡಗಿದರು. ಟೀಚರ್ ಮನೆಯ ಬುದ್ಧ ಕಳುವಾಗಿದ್ದಾನೆ. ಬೆಳಗ್ಗೆ ಅವನು ಗಂಧದ ಬೊಂಬೆಯಾಗಿದ್ದ, ಮಧ್ಯಾಹ್ನಕ್ಕೆ ದಂತದವನಾದ, ದೀಪ ಹಚ್ಚುವ ಹೊತ್ತಿಗೆ ಕಣ್ಣಿಗೆ ಕೆಂಪು ಹರಳೂ ಬಂದಿತ್ತು. ಮೊದಲೆರಡು ದಿನ ಅವನನ್ನು ಕಣ್ಣಾರೆ ನೋಡಿದವರೂ ಹುಟ್ಟಿಕೊಂಡರು. ನಮ್ಮತ್ತೆ ನುಸಿಗುಳಿಗೆ ಹಾಕುವ ನೆಪದಲ್ಲಿ ನನ್ನ ಟ್ರಂಕಿನ ತಳದವರೆಗೂ ಕೈಯಾಡಿಸಿದರು. ದಸರಾದಲ್ಲಿ ನುಸಿಗುಳಿಗೆ!

ಟೀಚರನ್ನೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು ಎನ್ನುತ್ತೀರಿ. ಹೇಗೆ ಕೇಳುವುದು? ನಮ್ಮ ಮನೆಗಳಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಇಲ್ಲ' ಎನ್ನುವುದಿಲ್ಲ, 'ಅಕ್ಕಿ ತುಂಬಿದೆ' ಎನ್ನುತ್ತೇವೆ. ಬಳೆ ಒಡೆದರೆ 'ಬಳೆ ಹೆಚ್ಚಿತು'. ಅದರಲ್ಲೂ ಕಲಶ ಇಟ್ಟ ಮನೆಯಲ್ಲಿ, ಬೊಂಬೆಗಳ ಎದುರಿಗೆ 'ಇಲ್ಲ' ಎಂಬ ಮಾತು ಬಂದರೆ ಆ ಮನೆಗೆ ವರ್ಷಪೂರ್ತಿ ಕೊರತೆ ಎಂದು ಬೀದಿಯವರ ನಂಬಿಕೆ. ಏನಿದ್ದರೂ ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿದ ಮೇಲೆ. ಹಾಗಾಗಿ ಎಲ್ಲರೂ ಸುತ್ತಿ ಬಳಸಿ ವಿಚಾರಿಸಿದರು. ಮೂಲೆಮನೆಯವರು ಬಾಗಿಲಲ್ಲೇ ನಿಂತು, "ಬೊಂಬೆಗಳೆಲ್ಲ ಹೇಗಿದಾವೆ ಟೀಚರ್? ಎಲ್ಲಾರೂ... ಸೌಖ್ಯನಾ?" ಎಂದು ಕೇಳಿದ್ದನ್ನು ನಾನೇ ಕಿಟಕಿಯಿಂದ ಕೇಳಿಸಿಕೊಂಡೆ.

"ಎಲ್ಲಾರೂ ಸೌಖ್ಯ, ಬನ್ನಿ ಒಳಗೆ" ಎಂದರು ಟೀಚರ್.

"ಪಾಪ, ಅವರಿಗಿನ್ನೂ ಗೊತ್ತೇ ಆಗಿಲ್ಲ" ಎಂದು ಬೀದಿ ತೀರ್ಮಾನಿಸಿತು. ನನಗೆ ಹಾಗನಿಸಲಿಲ್ಲ. ಟೀಚರಿಗೆ ಎಲ್ಲ ಗೊತ್ತಿದೆ, ಬೇಕೆಂದೇ ಸುಮ್ಮನಿದ್ದಾರೆ, ನನ್ನನ್ನು ಸಿಕ್ಕಿಸುವುದಕ್ಕೇ ದೀಪ ಕಾಯಲು ಬಿಟ್ಟು ಹೋದರು ಎಂದು ನನ್ನ ಅನುಮಾನ. ನಾನು ಕಿಟಕಿಯಿಂದ ಇಣುಕುವುದು ಅವರಿಗೆ ತಿಳಿದಿರಬೇಕು, ಅದಕ್ಕೆ ಈ ಶಿಕ್ಷೆ ಎಂದೆಲ್ಲ ಲೆಕ್ಕ ಹಾಕಿದ್ದೆ.

ಆಮೇಲೆ ಮೂಲೆಮನೆಯಿಂದ ಮಾವಳ್ಳಿಗೆ ಮಾತು ಹೋಯಿತು: ಹೆಣ್ಣು ನೋಡುವುದಕ್ಕೆ ಈಗೇನೂ ಅವಸರ ಬೇಡ, ದೀಪಾವಳಿ ಕಳೆಯಲಿ, ಆಮೇಲೆ ನೋಡೋಣ. ಈ 'ಆಮೇಲೆ ನೋಡೋಣ'ದ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಸರಸ್ವತಿ ಪೂಜೆಯ ದಿನ ತಂಗಿ ಬಂದಳು. ಅತ್ತೆಯ ಎದುರಿಗೆ ನಗುನಗುತ್ತಲೇ ಇದ್ದು, ಬಚ್ಚಲುಮನೆಗೆ ನನ್ನನ್ನು ಎಳೆದುಕೊಂಡು ಹೋದಳು. ಕಣ್ಣು ಊದಿಕೊಂಡಿತ್ತು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ವಾಪಸ್ ಇಟ್ಬಿಡೇ."

ನನ್ನ ಒಡಹುಟ್ಟಿದವಳು! ನನಗೆ ಅಳು ಬರುವ ಬದಲು ಮೈಯೆಲ್ಲ ಉರಿದುಹೋಯಿತು.

ಅವತ್ತು ಸಂಜೆ ಟೀಚರ್ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಲೆಮನೆಯವರು ಗೋಡೆಗೊರಗಿ ಕೂತಿದ್ದರು. "ಒಂದು ಹಾಡು ಹೇಳಮ್ಮ" ಎಂದು ಟೀಚರ್ ನನಗೆ ಹೇಳಿದರು. ನಾನು ಎದ್ದು ನಿಂತೆ, ಗಂಟಲು ಸರಿಮಾಡಿಕೊಂಡೆ, ಕಲಶದ ಎದುರಿಗೇ ಜೋರಾಗಿ ಕೇಳಿದೆ: "ಟೀಚರ್, ಈ ಪೀಠದ ಮೇಲೆ ಬುದ್ಧ ಇಲ್ಲ. ಎಲ್ಲಿ ಹೋದ?"

ಯಾರೋ 'ಶಿವ ಶಿವಾ' ಎಂದರು. ನಮ್ಮತ್ತೆ ತಲೆಯ ಮೇಲೆ ಸೆರಗೆಳೆದುಕೊಂಡರು. ಟೀಚರ್ ಮುಖ ಮಾತ್ರ... ಅದನ್ನು ಹೇಗೆ ಬರೆಯಲಿ? ಯಾರೋ ಅವರಿಗೆ ಕೇಳಿದ ವರ ಕೊಟ್ಟ ಹಾಗೆ ಅರಳಿತು.

"ಅಬ್ಬ, ಕೊನೆಗೂ ಒಬ್ಳು ಕೇಳಿದ್ಲಲ್ಲ! ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದಾನೆ ನೋಡು. ಕೊಡೆ ಯಾರಿಗೆ ಹಿಡಿದಿರೋದು? ಪಾದ ಯಾರ್ದು? ಶಾತವಾಹನರ ಕಾಲದ ಶಿಲ್ಪಿಗಳು ಹೀಗೇ ತುಂಬ ಕಡೆ ಬುದ್ಧನ ಮೈ ಕೆತ್ತದೆ ಬಿಟ್ಬಿಡ್ತಿದ್ರು. ಅಷ್ಟು ದೊಡ್ಡೋನನ್ನ ಒಂದು ಮೂಗು, ಒಂದು ಬಾಯಿಗೆ ಹೇಗೆ ಕಟ್ಟಿಹಾಕೋದು ಅಂತ ಅನ್ನಿಸ್ತೋ ಏನೋ. ಪೀಠ ಖಾಲಿ ಇಟ್ಟು ಸುತ್ತ ಇರೋರ ಕೈಲಿ ಕೈ ಮುಗಿಸಿದ್ರು. ನೋಡೋರೇ ಅವನನ್ನ ಮನಸ್ಸಲ್ಲಿ ಕೂರಿಸ್ಕೋಬೇಕು."

ನನಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಮೂಲೆಮನೆಯವರ ಕಡೆ ತಿರುಗಿ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು.

"ಎಷ್ಟು ದೊಡ್ಡ ಮನಸ್ಸು ಟೀಚರ್ ನಿಮ್ದು" ಎಂದರು. "ಎದುರುಮನೆ ಸೊಸೆ ಮಾನ ಕಾಪಾಡೋಕೆ ಇಷ್ಟು ಉದ್ದದ ಕತೆ ಕಟ್ಟಿದ್ರಲ್ಲ, ನಮ್ಮ ಕೈಲಿ ಆಗಲ್ಲಮ್ಮ."

ಟೀಚರಿಗೆ ಮೊದಲು ಅರ್ಥವೇ ಆಗಲಿಲ್ಲ. ಸುತ್ತಲಿನ ಮುಖಗಳನ್ನು ನೋಡಿದರು, ನನ್ನ ಮುಖ ನೋಡಿದರು, ಆಗ ಆಯಿತು. ಒಳಗೆ ಹೋಗಿ ಒಂದು ದಪ್ಪ ಪುಸ್ತಕ ತಂದರು. ಆ ಚೀಲ ಭಾರವಾಗುತ್ತಿದ್ದದ್ದು ಇಂಥ ಪುಸ್ತಕಗಳಿಂದಲೇ ಎಂದು ನನಗೆ ಆಗ ತಿಳಿಯಿತು. ಅಮರಾವತಿಯ ಕಲ್ಲಿನ ಕಪ್ಪು ಬಿಳುಪು ಫೋಟೊ ತೆಗೆದು ಮೂಲೆಮನೆಯವರ ತೊಡೆಯ ಮೇಲಿಟ್ಟರು. ಖಾಲಿ ಪೀಠ, ಮೇಲೆ ಕೊಡೆ, ಸುತ್ತ ಬಗ್ಗಿದ ಜನ. "ನೋಡಿ, ನಾನು ಕಟ್ಟಿದ್ದಲ್ಲ ಇದು. ಸಾವಿರದ ಎಂಟುನೂರು ವರ್ಷಕ್ಕೂ ಹಳೇದು."

ಅವರು ಕನ್ನಡಕ ಹಾಕಿಕೊಂಡು ಪುಟವನ್ನು ದೀಪದ ಹತ್ತಿರ ಹಿಡಿದರು. "ಅಯ್ಯೋ, ಇಲ್ಲೂ ಎತ್ಕೊಂಡ್ ಹೋಗ್ಬಿಟ್ಟಿದಾರಲ್ರೀ!" ಎಂದರು. "ಪಾಪ, ಎಲ್ಲಾರೂ ಹೇಗೆ ಕೈ ಮುಗಿದು ಬೇಡ್ಕೋತಿದಾರೆ ನೋಡಿ, ವಾಪಸ್ ಕೊಟ್ಬಿಡ್ರಪ್ಪ ಅಂತ."

ನಗಬೇಡಿ. ಆ ಹೊತ್ತಿನಲ್ಲಿ ನನಗೆ ನಗು ಬರಲಿಲ್ಲ. ಟೀಚರ್ ನಿಜ ಹೇಳಿದ್ದರಿಂದಲೇ ನಾನು ಕಳ್ಳಿ ಎಂಬುದು ಖಾತ್ರಿಯಾಗಿತ್ತು. ಕಳ್ಳತನವಾಗದಿದ್ದರೆ ಅಂಥ ದೊಡ್ಡ ಹೆಂಗಸು ಯಾಕೆ ಅಷ್ಟು ಕಷ್ಟಪಟ್ಟು ಕತೆ ಹೇಳುತ್ತಾರೆ?

ಮರುದಿನ ಮಧ್ಯಾಹ್ನ, ನಾನು ಮಲಗಿದ್ದೇನೆ ಎಂದುಕೊಂಡು, ನಮ್ಮತ್ತೆ ಒಂದು ತಟ್ಟೆಯ ಮೇಲೆ ಕರ್ಚೀಫು ಮುಚ್ಚಿಕೊಂಡು ಬೀದಿ ದಾಟಿದರು. ಟೀಚರ್ ಮನೆಯ ಬಾಗಿಲು ಹಾಕಿಕೊಂಡಿತು. ನಾನು ಕಿಟಕಿಗೆ ಕಿವಿ ಹಚ್ಚಿದೆ, ಹೂವಿನವಳ ಕೂಗು ಬಿಟ್ಟು ಏನೂ ಕೇಳಲಿಲ್ಲ. ಅತ್ತೆ ಬಂದವರೇ ಕಣ್ಣೊರೆಸಿಕೊಂಡು ಸಾರಿಗೆ ಬೇಳೆ ಇಟ್ಟರು. ಸ್ವಲ್ಪ ಹೊತ್ತಿಗೆ ಟೀಚರ್ ಕೊಡೆ ಹಿಡಿದು ಚಿಕ್ಕಪೇಟೆ ಕಡೆಯ ಬಸ್ಸಿಗೆ ಹೋದರು. ಬರುವಾಗ ಬಗಲಲ್ಲಿ ಹಳೆಯ ಪೇಪರು ಸುತ್ತಿದ ಒಂದು ಗಂಟು.

ಆಯುಧಪೂಜೆಯ ಸಂಜೆ ಎಲ್ಲರನ್ನೂ ಅವರೇ ಕರೆದರು. ಪೀಠದ ಮೇಲೆ ಬುದ್ಧ ಕೂತಿದ್ದ. ಮಣ್ಣಿನ ಬೊಂಬೆ, ಮೈಗೆಲ್ಲ ಮಿರುಗುವ ಬಣ್ಣ, ತುಟಿ ಸ್ವಲ್ಪ ಜಾಸ್ತಿಯೇ ಕೆಂಪು. ಕೂತ ಜಾಗ ಸಾಲದೆ ಮಂಡಿ ಎರಡೂ ಪೀಠದಾಚೆ ಬಂದಿದ್ದವು.

"ಸಿಕ್ಬಿಟ್ಟ ಕಣ್ರೀ" ಎಂದರು ಟೀಚರ್. "ಪೆಟ್ಟಿಗೆ ತಳದಲ್ಲಿ ಹಳೇ ಸೀರೆ ಸುತ್ತಿ ಇಟ್ಟಿದ್ದೆ, ಕೂರಿಸೋದೇ ಮರ್ತೆ. ಅವತ್ತು ಈ ಹುಡುಗಿ ಕೇಳ್ದಾಗ ನಾಚ್ಕೆಯಾಗಿ ಏನೇನೋ ಹೇಳ್ಬಿಟ್ಟೆ."

ಮೂಲೆಮನೆಯವರು ಹತ್ತಿರ ಹೋಗಿ, ಬುದ್ಧನ ಕೆನ್ನೆ ಸವರಿ ನೆಟಿಗೆ ಮುರಿದರು. "ಈಗ ಲಕ್ಷಣವಾಗಿ ಕಾಣತ್ತೆ. ಮೊದಲು ಬೋಳು ಬೋಳಾಗಿತ್ತು" ಎಂದರು. ಎಲ್ಲರೂ ಹೌದು ಹೌದು ಎಂದರು. ಹಾಡು ಹೇಳಿದರು. ನಾನು ಆರತಿ ತಟ್ಟೆ ಹಿಡಿದು ಬಗ್ಗಿದಾಗ ಬಂತು ನೋಡಿ ಆ ವಾಸನೆ, ಹೊಸ ವಾರ್ನಿಷ್ ವಾಸನೆ. ಪಕ್ಕದಲ್ಲಿದ್ದ ಅತ್ತೆಯ ಮೂಗೂ ಅರಳಿದ್ದನ್ನು ಕಂಡೆ. ಅವರು ನನ್ನ ಕಡೆ ತಿರುಗಲಿಲ್ಲ. ಆರತಿಗೆ ಕರ್ಪೂರ ಇನ್ನೂ ಸ್ವಲ್ಪ ಹಾಕಿದರು.

ಅತ್ತೆ ಅವತ್ತು ಆ ಮನೆಯಲ್ಲಿ ಏನು ಹೇಳಿದರು? ನನ್ನ ಸೊಸೆ ಕದ್ದಿಲ್ಲ, ಹೇಗಾದರೂ ಮಾಡಿ ಎಂದರೋ, ಕದ್ದಿದ್ದಾಳೆ, ಹೇಗಾದರೂ ಮುಚ್ಚಿಹಾಕಿ ಎಂದರೋ... ಅತ್ತೆ ಹೋಗಿಯೇ ಎಷ್ಟೋ ವರ್ಷವಾಯಿತು. ಕೇಳಬೇಕು ಎಂದುಕೊಂಡಾಗೆಲ್ಲ ಬಾಯಿ ಬರಲಿಲ್ಲ. ಬರುವ ಉತ್ತರದ ಮೇಲೆ ನನಗೆ ನಂಬಿಕೆಯಿರಲಿಲ್ಲ.

ಹಬ್ಬ ಮುಗಿದ ಮೇಲೆ ಬೊಂಬೆ ಕಟ್ಟಿಡಲು ನಾನು ಟೀಚರ್ ಮನೆಗೆ ಹೋದೆ. ಹಳೆಯ ಪಂಚೆಯ ಚೂರುಗಳಲ್ಲಿ ಒಂದೊಂದನ್ನೇ ಸುತ್ತಿ ಕೊಡುತ್ತಿದ್ದೆ.

"ಟೀಚರ್, ಇದು ಹೊಸದು. ವಾಸನೆ ಬರತ್ತೆ."

"ಹೂಂ."

"ನೀವು ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳು ಅನ್ಬೇಡ. ಒಂದೆರಡು ಶತಮಾನ ಮುಂದಕ್ಕೆ ಹೋದೆ, ಅಷ್ಟೆ. ಆಮೇಲಿನ ಕಾಲದೋರು ಬುದ್ಧನ್ನ ಕೆತ್ತೇ ಕೆತ್ತಿದ್ರು. ಇಕ್ಷ್ವಾಕುಗಳ ಹೊತ್ತಿಗೆ ಪೀಠದ ಮೇಲೆ ಬಂದು ಕೂತಿದ್ದ."

"ಯಾಕೆ ಕೂರಿಸಿದ್ರಂತೆ?"

"ಅದಕ್ಕೇ ಪಂಡಿತರು ಇನ್ನೂ ಜಗಳ ಆಡ್ತಿದಾರೆ. ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ನಂಗೊತ್ತು ಬಿಡಿ" ಎಂದೆ. "ಆ ಊರಲ್ಲೂ ಒಂದು ಮೂಲೆಮನೆ ಇದ್ದಿರತ್ತೆ. ಯಾವಳೋ ಸೊಸೆ ಮೇಲೆ ಅನುಮಾನ ಬಂದಿರತ್ತೆ. ಶಿಲ್ಪಿ ತಡೀಲಾರ್ದೆ ಒಬ್ಬನ್ನ ಕೆತ್ತಿ ಕೂರಿಸಿರ್ತಾನೆ."

ಟೀಚರ್ ನಕ್ಕರು. ಅವರು ಬಾಯಿಬಿಟ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಆ ಬುದ್ಧನನ್ನು ಕೈಗೆತ್ತಿಕೊಂಡು ಪಂಚೆಯ ಚೂರಿನಲ್ಲಿ ಸುತ್ತಿದರು. "ಖಾಲಿ ಪೀಠಾನೇ ಚೆನ್ನಾಗಿತ್ತು ಕಣೇ" ಎಂದರು. ಅಲ್ಲಿಯವರೆಗೂ 'ಅಮ್ಮ' ಎನ್ನುತ್ತಿದ್ದವರು ಮೊದಲ ಸಲ 'ಕಣೇ' ಎಂದಿದ್ದರು.

ತಂಗಿಯ ಮದುವೆ ಮಾಘದಲ್ಲಿ ನಡೆಯಿತು. ಆಕೆ ಮೂಲೆಮನೆಯ ಸೊಸೆಯಾದಳು. ಮುಂದಿನ ದಸರಾಕ್ಕೆ ಟೀಚರ್ ಚರಿತ್ರೆ ಇಡಲಿಲ್ಲ. ಎಲ್ಲರಂತೆ ರಾಮಪಟ್ಟಾಭಿಷೇಕ, ಒಂದು ಕ್ರಿಕೆಟ್ ಟೀಮು, ಪಕ್ಕದಲ್ಲಿ ಪಾರ್ಕು. ಯಾರೂ ಏನೂ ಕೇಳಬೇಕಾಗಿರಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೆ. ಬೀದಿಯವರಿಗೆ ಅದೇ ಹೆಚ್ಚು ಇಷ್ಟವಾಯಿತು. ರಿಟೈರಾದ ಮೇಲೆ ಟೀಚರ್ ಮನೆ ಮಾರಿ ಮೈಸೂರಿಗೆ, ಅಣ್ಣನ ಮಕ್ಕಳ ಹತ್ತಿರ ಹೋದರು. ಹೊರಡುವ ದಿನ ನಾನು ಊರಿನಲ್ಲಿರಲಿಲ್ಲ. ತೀರಿಕೊಂಡ ಸುದ್ದಿ ತಿಂಗಳುಗಳಾದ ಮೇಲೆ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುವಾಗ ಯಾರೋ ಹೇಳಿದರು...

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಫೋನಿನಲ್ಲಿ ಏನೋ ಒತ್ತಿ, "ಅಜ್ಜೀ, ಇದು ನೋಡು, ನಮ್ಮ ಕರ್ನಾಟಕದಲ್ಲೇ ಇದೆ" ಎಂದು ತೋರಿಸಿದಳು. ಭೀಮಾ ತೀರದಲ್ಲಿ, ಸನ್ನತಿಯ ಹತ್ತಿರ, ಮಣ್ಣಿನಡಿಯಿಂದ ಎದ್ದು ಬಂದ ಸ್ತೂಪದ ಕಲ್ಲುಗಳು. ಅಶೋಕ ತನ್ನ ರಾಣಿಯ ಜೊತೆ ನಿಂತಿದ್ದಾನೆ, ಕಲ್ಲಿನ ಮೇಲೆ ಹೆಸರು ಸಮೇತ. ಶಾತವಾಹನ ರಾಜರೂ ಇದ್ದಾರೆ. ಇನ್ನೊಂದು ಕಲ್ಲಿನಲ್ಲಿ ಪೀಠ, ಕೊಡೆ, ಪಾದ. ಪೀಠ ಖಾಲಿ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ರೈಲು ಹತ್ತಿ ಎಲ್ಲೆಲ್ಲೋ ಅಲೆದ ಹೆಂಗಸು ಇದನ್ನು ನೋಡಿದ್ದರೋ ಇಲ್ಲವೋ, ನನಗೆ ತಿಳಿಯದು. ನನ್ನ ಹತ್ತಿರ ಅವರದೊಂದು ಫೋಟೊ ಕೂಡ ಇಲ್ಲ. ಒತ್ತು ತಪ್ಪಿದರೆ ಸಹಿಸದವರು ನನಗಾಗಿ, ಅಷ್ಟು ಜನರ ಎದುರಿಗೆ, ತಮ್ಮ ಪಾಠವನ್ನೇ ಸುಳ್ಳೆಂದು ಒಪ್ಪಿಕೊಂಡರು. ಅದು ನಿಜವಾಗಿತ್ತು ಎಂದು ಹೇಳಲು ಈಗ ಆ ಬೀದಿಯಲ್ಲಿ ಯಾರೂ ಉಳಿದಿಲ್ಲ.

ಒಬ್ಬಳಿದ್ದಾಳೆ ಎಂದು ನೆನಪಾಗಿ ತಂಗಿಗೆ ವೀಡಿಯೊ ಕಾಲ್ ಮಾಡಿದೆ. ಮಲ್ಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಿವಿ ಸ್ವಲ್ಪ ಮಂದ, ಬಾಯಿ ಚುರುಕು. ಸನ್ನತಿಯ ಕಲ್ಲು ತೋರಿಸಿದೆ. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ, ಚಿಕ್ಕಪೇಟೆ ಬಸ್ಸು, ವಾರ್ನಿಷ್ ವಾಸನೆ, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಫೋನಿನ ಹತ್ತಿರ, ಇನ್ನೂ ಹತ್ತಿರ ಬಂದಳು, ಪರದೆಯ ತುಂಬ ಅವಳ ಒಂದೇ ಕಣ್ಣು.

"ಆ ಕೆಂಪು ತುಟಿಯೋನು ಹೊಸಬ ಅಂತ ನಮ್ಮತ್ತೆಗೆ ಅವತ್ತೇ ಗೊತ್ತಿತ್ತು. ಸಾಯೋವರೆಗೂ ಹೇಳ್ತಿದ್ರು, ಟೀಚರ್ ಮುಖ ನೋಡಿ ನಿನ್ನ ಸೊಸೆ ಮಾಡ್ಕೊಂಡೆ ಕಣೇ ಅಂತ. ಅದೆಲ್ಲ ಇರ್ಲಿ ಅಕ್ಕಾ, ಈಗ ಅತ್ತೇನೂ ಇಲ್ಲ, ಟೀಚರೂ ಇಲ್ಲ, ನಮ್ಮಿಬ್ಬರನ್ನ ಕೇಳೋರೂ ಇಲ್ಲ. ಈಗಲಾದ್ರೂ ನಿಜ ಹೇಳು. ಆ ಮೊದಲಿನ ಬುದ್ಧನ್ನ ಎಲ್ಲಿ ಬಚ್ಚಿಟ್ಟಿದೀಯ?"